ಗಿರಿಜಮ್ಮ ‘ಇಲ್ಲ’ ಎಂದ ಶ್ರಾವಣ

ಕಳೆದ ತಿಂಗಳು ನಮ್ಮ ನರ್ಸಿಂಗ್ ಕಾಲೇಜಿನ ಹನ್ನೆರಡು ಹುಡುಗಿಯರನ್ನು ಕರೆದುಕೊಂಡು ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋಗಿದ್ದೆ. ಐಸಿಯು ಒಳಗಿನ ಕೆಲಸ ತೋರಿಸಿಕೊಡುವುದು ಈಗ ನನ್ನ ಉದ್ಯೋಗ. ಅಲ್ಲಿನ ನರ್ಸ್ ಒಬ್ಬರು ವೆಂಟಿಲೇಟರಿಗೆ ಜೋಡಿಸಿದ ನೀರಿನ ಡಬ್ಬಿಯನ್ನು ಬದಲಿಸಲು ಬಿಚ್ಚಿದರು. ರೋಗಿಯ ಎದೆಗೆ ಹೋಗುವ ಗಾಳಿ ಒಣಗದಿರಲೆಂದು ಬೆಚ್ಚಗೆ ಹಬೆಯಾಡಿಸುವ ಡಬ್ಬಿ ಅದು. ಬಿಚ್ಚಿದ್ದೇ ತಡ, ಒಂದು ವಾಸನೆ ಮುಖಕ್ಕೆ ಬಂತು. ಬಿಸಿಲಲ್ಲಿ ನಿಂತ ಬಸ್ಸಿನ ಸೀಟಿನದೂ ಆಗತಾನೇ ಇಳಿಸಿದ ಇಡ್ಲಿ ಪಾತ್ರೆಯದೂ ಬೆರೆತಂಥ ವಾಸನೆ.

“ಏನಾಯ್ತು ಮೇಡಂ?” ಅಂದಳು ಹತ್ತಿರ ನಿಂತಿದ್ದ ಹುಡುಗಿ. ಏನಿಲ್ಲ ಅಂದೆ. ಆದರೆ ಆ ಮಧ್ಯಾಹ್ನ ಪೂರ್ತಿ ನಾನು ಅಲ್ಲಿರಲಿಲ್ಲ. ನನ್ನ ಮೊದಲ ಐಸಿಯು ಕೆಲಸದ ಮಳೆಗಾಲದಲ್ಲಿದ್ದೆ.

ಕೊರೋನಾ ಒಂದು ಹದಕ್ಕೆ ಬಂದ ಮರುವರ್ಷ ಅದು. ನನಗೆ ಇಪ್ಪತ್ತನಾಲ್ಕು. ಮನೆ ಭದ್ರಾವತಿಯಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ದಿನಾ ಬೆಳಿಗ್ಗೆ ಏಳಕ್ಕೆ ಮೊದಲೇ ಬಸ್ ಹತ್ತಿ, ಮಲವಗೊಪ್ಪ ದಾಟುವಷ್ಟರಲ್ಲಿ ಒಂದು ಸಣ್ಣ ನಿದ್ದೆ ತೆಗೆದು, ಎಂಟಕ್ಕೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹಾಜರಾಗುತ್ತಿದ್ದೆ. ಆ ವರ್ಷ ಮಳೆ ಆಷಾಢದಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಛತ್ರಿ ಇದ್ದರೂ ಒಂದು ಕಡೆಯ ಭುಜ ನೆನೆದಿರುತ್ತಿತ್ತು. ಆಸ್ಪತ್ರೆಯೊಳಗೆ ಕಾಲಿಟ್ಟರೆ ಎ.ಸಿ.ಯ ಚಳಿ. ಒದ್ದೆ ಕಾಲುಚೀಲ ಬಿಚ್ಚಿ ಫಿಲೋಮಿನಾ ಸಿಸ್ಟರ್ ಟೇಬಲ್ಲಿನ ಕೆಳಗೆ ಒಣಹಾಕುತ್ತಿದ್ದೆ. ಅವರು ಬೈಯುತ್ತಿದ್ದರು. ಆಮೇಲೆ ಅವರೇ ತಿರುಗಿಸಿ ಹಾಕುತ್ತಿದ್ದರು.

ಫಿಲೋಮಿನಾ ಸಿಸ್ಟರ್ ನಮ್ಮ ಇನ್‌ಚಾರ್ಜ್. ಅವರೂ ಭದ್ರಾವತಿಯವರೇ, ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಎಂಟು ಹಾಸಿಗೆಯ ಆ ಐಸಿಯುನಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ಮೊದಲ ದಿನ ನನ್ನನ್ನು ವೆಂಟಿಲೇಟರಿನ ಮುಂದೆ ನಿಲ್ಲಿಸಿ ಹೇಳಿದ್ದರು:

“ನೋಡು ಮಾ, ಇದಕ್ಕೆ ಹಾಕೋದು ಕಷ್ಟ ಅಲ್ಲ. ಬಿಡಿಸೋದೇ ಕಷ್ಟ. ಮಗೂಗೆ ಹಾಲು ಬಿಡಿಸ್ತಾರಲ್ಲ, ಹಂಗೆ. ಅವಸರ ಮಾಡಿದ್ರೆ ಮಗು ಸೊರಗುತ್ತೆ. ತಡ ಮಾಡಿದ್ರೆ ಅಭ್ಯಾಸ ಬಿಡಲ್ಲ.”

ಅವರು ಹೇಳಿದ್ದು ಎಷ್ಟು ನಿಜವೆಂದು ನನಗೆ ಆಗ ಗೊತ್ತಿರಲಿಲ್ಲ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯನ್ನು ಬೇಗ ತೆಗೆದರೆ ರೋಗಿ ಕೆಲವೇ ಗಂಟೆಗಳಲ್ಲಿ ದಣಿದು ಕುಸಿಯಬಹುದು. ಮತ್ತೆ ಹಾಕಬೇಕಾಗುತ್ತದೆ, ಹಾಗೆ ಮತ್ತೆ ಹಾಕಿಸಿಕೊಂಡವರ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ತೆಗೆಯದೆ ಬಿಟ್ಟರೆ ಎದೆಯಲ್ಲಿ ಸೋಂಕು, ಉಸಿರಿನ ಸ್ನಾಯುಗಳಿಗೆ ಸೋಮಾರಿತನ. ಸರಿಯಾದ ದಿನ ಯಾವುದು? ಅದನ್ನು ಮುಂಚಿತವಾಗಿ ಹೇಳುವುದೇ ಆ ಕೋಣೆಯ ಅತಿ ದೊಡ್ಡ ಪ್ರಶ್ನೆ. ಹೊರಗೆ ಕೂತ ಜನರಿಗೋ, ಕೊರೋನಾ ನೋಡಿದ ಮೇಲೆ, ವೆಂಟಿಲೇಟರ್ ಅಂದರೆ ಮುಗಿಯಿತು ಎಂದೇ ಅರ್ಥ.

ನಮ್ಮ ಡಾಕ್ಟರ್ ಪಾಲಾಕ್ಷಪ್ಪನವರು ಆ ಪ್ರಶ್ನೆಗೆ ಒಂದು ಪುಸ್ತಕ ಇಟ್ಟಿದ್ದರು. ಶಾಲಾ ಮಕ್ಕಳ ಉದ್ದನೆಯ ರೂಲ್ ಪುಸ್ತಕ. ಐವತ್ತು ದಾಟಿದ, ತೆಳ್ಳಗಿನ, ಹಣೆಯಲ್ಲಿ ಬೆಳಗಿನ ವಿಭೂತಿಯ ಗುರುತು ಮಧ್ಯಾಹ್ನದವರೆಗೂ ಉಳಿದಿರುತ್ತಿದ್ದ ಮನುಷ್ಯ. ಮಾತು ಕಡಿಮೆ. ಒಬ್ಬ ರೋಗಿಯ ಕೊಳವೆ ತೆಗೆಯಬಹುದೆನ್ನಿಸಿದ ದಿನ, ಮೊದಲು ಅರ್ಧ ಗಂಟೆ ಯಂತ್ರದ ಸಹಾಯ ಇಳಿಸಿ ರೋಗಿಯೇ ಉಸಿರಾಡಲು ಬಿಡುತ್ತಿದ್ದರು. ನಿಮಿಷಕ್ಕೆ ಎಷ್ಟು ಉಸಿರು, ಒಂದೊಂದು ಉಸಿರಿಗೆ ಎಷ್ಟು ಗಾಳಿ ಎಂದು ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಮೇಲುಮೇಲಿನ ಉಸಿರು ಆಡುತ್ತಿಲ್ಲ ಎಂದರ್ಥ. ಅದಾದ ಮೇಲೆ ಪುಸ್ತಕ ತೆರೆದು ತಾವು ಬರೆಯುತ್ತಿದ್ದರು: ‘ನಿಲ್ಲುತ್ತಾರೆ’ ಅಥವಾ ‘ನಿಲ್ಲುವುದಿಲ್ಲ’, ಯಾಕೆ. ಅದರ ಕೆಳಗೆ ಡ್ಯೂಟಿ ಡಾಕ್ಟರ್, ಅದರ ಕೆಳಗೆ ಸಿಸ್ಟರ್, ಕೊನೆಗೆ ಆ ಹಾಸಿಗೆಯ ನರ್ಸ್. ಎರಡು ದಿನ ಬಿಟ್ಟು ಯಾರು ಸರಿ, ಯಾರು ತಪ್ಪು ಎಂದು ಗುರುತು ಹಾಕುವುದು.

“ಬರೀಲೇಬೇಕು,” ಅನ್ನುತ್ತಿದ್ದರು. “ಇಲ್ದಿದ್ರೆ ಆಮೇಲೆ ಎಲ್ರೂ ‘ನಂಗೆ ಮೊದ್ಲೇ ಅನ್ನಿಸಿತ್ತು’ ಅಂತೀರಿ.”

ಆಷಾಢದ ಮೊದಲ ವಾರ ಗಾಜನೂರಿನ ತಿಮ್ಮಪ್ಪ ಎನ್ನುವ ಹಿರಿಯರು ನನ್ನ ಹಾಸಿಗೆಗೆ ಬಂದರು. ನ್ಯುಮೋನಿಯಾ. ಜೀವಮಾನವಿಡೀ ಬೀಡಿ ಸೇದಿದ ಎದೆ. ಆರು ದಿನ ಯಂತ್ರದಲ್ಲಿದ್ದು ಏಳನೆಯ ದಿನ ಚೇತರಿಸಿಕೊಂಡರು. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಸಂಖ್ಯೆ ಚೆನ್ನಾಗಿ ಬಂತು. ಡಾಕ್ಟರು ‘ನಿಲ್ಲುತ್ತಾರೆ’ ಎಂದು ಬರೆದರು. ಡ್ಯೂಟಿ ಡಾಕ್ಟರೂ ಹಾಗೇ ಬರೆದರು. ಫಿಲೋಮಿನಾ ಸಿಸ್ಟರ್ ಮಾತ್ರ ‘ನಿಲ್ಲಲ್ಲ. ಕೆಮ್ಮಲು ದಮ್ಮಿಲ್ಲ’ ಎಂದು ಸೊಟ್ಟಸೊಟ್ಟ ಕನ್ನಡದಲ್ಲಿ ಬರೆದರು.

ಪುಸ್ತಕ ನನ್ನ ಕೈಗೆ ಬಂತು. ಆ ಬೆಳಿಗ್ಗೆಯೊಂದರಲ್ಲೇ ನಾನು ತಿಮ್ಮಪ್ಪನವರ ಎದೆಯಿಂದ ಆರು ಸಲ ಕಫ ಎಳೆದಿದ್ದೆ. ಅಂಟಂಟು ಕಫ, ಕೊಳವೆಯೊಳಗೆ ನಳಿಕೆ ಇಳಿಸಿ ಎಳೆಯದೆ ಹೋದರೆ ತಾನಾಗಿ ಬರುತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಮೇಲೆ ಡಾಕ್ಟರ ಅಕ್ಷರ ಕಾಣುತ್ತಿತ್ತು. ನಾನು ‘ನಿಲ್ಲುತ್ತಾರೆ’ ಎಂದು ಬರೆದೆ.

ಹನ್ನೊಂದು ಗಂಟೆಗೆ ಕೊಳವೆ ತೆಗೆದರು. ತಿಮ್ಮಪ್ಪನವರು ಮಗನ ಕೈ ಹಿಡಿದು, “ಗದ್ದೆಗೆ ನೀರು ಜಾಸ್ತಿ ಆಯ್ತೇನೋ?” ಎಂದು ಕೇಳಿದರು. ಮಗ ಅಳುತ್ತಾ ನಕ್ಕ. ಒಂದೂವರೆಗೆ ಎದೆಯಲ್ಲಿ ಗೊರಗೊರ ಶುರುವಾಯಿತು. ಕೆಮ್ಮಿ ಎಂದೆವು. ಅವರು ಕೆಮ್ಮಲು ನೋಡಿದರು. ಬಾಯಿ ತೆರೆಯಿತು, ಹೊಟ್ಟೆ ಒಮ್ಮೆ ಅಲುಗಿತು, ಸದ್ದು ಬರಲಿಲ್ಲ. ಎರಡು ಗಂಟೆಗೆ, ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ, ಮತ್ತೆ ಕೊಳವೆ ಹಾಕಬೇಕಾಯಿತು. ಒಂಬತ್ತು ದಿನ ಇದ್ದು ಅವರು ತೀರಿಕೊಂಡರು.

ಡಾಕ್ಟರು ಮಗನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: “ಅವತ್ತು ತೆಗೀಬಹುದು ಅಂತ ನಾನು ಲೆಕ್ಕ ಹಾಕಿದ್ದೆ. ಆ ಲೆಕ್ಕ ತಪ್ಪಾಯ್ತು.” ಆ ಮಗ ಕೈಮುಗಿದು ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಮರುದಿನ ಡಾಕ್ಟರು ಪುಸ್ತಕದಲ್ಲಿ ಆವರೆಗೂ ಬಾಕಿ ಉಳಿದಿದ್ದ ಆ ಸಾಲಿಗೆ ಬಂದು ತಮ್ಮ ಹೆಸರಿನ ಮುಂದೆ ತಪ್ಪು ಗುರುತು ಹಾಕುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

“ಸರ್, ನಂಗೆ ಗೊತ್ತಿತ್ತು. ಆರು ಸಲ ಕಫ ತೆಗ್ದಿದ್ದೆ. ನೀವು ಬರೆದಿದ್ದು ನೋಡಿ ಹಂಗೇ ಬರ್ದೆ.”

ಅವರು ಪೆನ್ನು ಹಿಡಿದೇ ನನ್ನನ್ನು ನೋಡಿದರು. ಕೋಪ ಬರುತ್ತದೆ ಎಂದುಕೊಂಡೆ.

“ಅದು ನಿನ್ನ ತಪ್ಪಲ್ಲಮ್ಮ ರೇಣುಕಾ. ಮೇಲೆ ನನ್ನ ಹೆಸರಿಟ್ಟು ಕೆಳಗೆ ನಿನ್ನ ಅಭಿಪ್ರಾಯ ಕೇಳಿದ್ನಲ್ಲ, ಅದು ನನ್ನ ತಪ್ಪು.”

ಅಂದಿನಿಂದ ಕ್ರಮ ಬದಲಾಯಿತು. ಪ್ರತಿಯೊಬ್ಬರೂ ಬೇರೆಬೇರೆ ಚೀಟಿಯಲ್ಲಿ ಬರೆಯಬೇಕು, ನರ್ಸ್ ಮೊದಲು, ಡಾಕ್ಟರು ಕೊನೆಗೆ. ಕೆಮ್ಮನ್ನೂ ಪರೀಕ್ಷಿಸಬೇಕು. ಅದಕ್ಕೆ ಫಿಲೋಮಿನಾ ಸಿಸ್ಟರ್ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಇಟ್ಟುಕೊಂಡರು. ಕೊಳವೆಯ ಬಾಯಿಗೆ ಎರಡು ಬೆರಳು ದೂರದಲ್ಲಿ ಆ ದಪ್ಪ ಕಾಗದ ಹಿಡಿದು ಕೆಮ್ಮಿಸುವುದು. ಕಾಗದದ ಮೇಲೆ ತೇವ ಸಿಡಿದರೆ ಕೆಮ್ಮಿಗೆ ಶಕ್ತಿ ಇದೆ.

ಶ್ರಾವಣ ಬಂತು. ನಮ್ಮ ಸಂಬಂಧಿಕರ ಮನೆ ಗೃಹಪ್ರವೇಶಕ್ಕೆಂದು ಎರಡು ದಿನ ರಜೆ ಹಾಕಿ ವಾಪಸ್ ಬಂದಾಗ ನಾಲ್ಕನೇ ಹಾಸಿಗೆಯಲ್ಲಿ ಗಿರಿಜಮ್ಮ ಇದ್ದರು. ನಲವತ್ತಾರು ವರ್ಷ. ಭದ್ರಾವತಿಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಹೊಟ್ಟೆ ಕೆಟ್ಟು ವಾಸಿಯಾದ ಹದಿನೈದು ದಿನಕ್ಕೆ ಪಾದ ಜೋಮು ಹಿಡಿದು, ಮಾರನೆಯ ದಿನ ಸಾರಿನ ಪಾತ್ರೆ ಎತ್ತಲಾಗದೆ, ಅದರ ಮಾರನೆಯ ದಿನ ನಿಲ್ಲಲಾಗದೆ ಬಂದಿದ್ದರು. ದೇಹವೇ ತನ್ನ ನರಗಳನ್ನು ತಪ್ಪಾಗಿ ಹಾಳುಮಾಡಿಕೊಳ್ಳುವ ಕಾಯಿಲೆ. ವಾಸಿಯಾಗುತ್ತದೆ, ಆದರೆ ವಾರಗಟ್ಟಲೆ ಬೇಕು, ಅಷ್ಟು ದಿನ ಉಸಿರು ನಡೆಯಬೇಕು. ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತೀರಿ ಎಂದು ಕೇಳಿದ್ದರಂತೆ. ಬಂದ ಬೆಳಿಗ್ಗೆ ಮೂವತ್ತರವರೆಗೆ ಹೋದವರು ಸಂಜೆಗೆ ಹದಿನೆಂಟಕ್ಕೆ ನಿಂತರು, ಮಾರನೆಯ ದಿನ ಹನ್ನೊಂದಕ್ಕೆ. ಕೊಳವೆ ಹಾಕಿದ್ದರು.

ಈ ಕಾಯಿಲೆಯಲ್ಲಿ ಎಚ್ಚರ ತಪ್ಪುವುದಿಲ್ಲ. ಗಿರಿಜಮ್ಮನ ಕೈಕಾಲು ಮರದ ತುಂಡಿನಂತೆ ಬಿದ್ದಿದ್ದವು, ಕಣ್ಣು ಮಾತ್ರ ಕೋಣೆಯೆಲ್ಲ ಓಡಾಡುತ್ತಿತ್ತು. ಮೇಲೆ ನೋಡಿದರೆ ಹೌದು, ರೆಪ್ಪೆ ಮುಚ್ಚಿದರೆ ಇಲ್ಲ ಎಂದು ಒಪ್ಪಂದ ಮಾಡಿಕೊಂಡೆವು. ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ವರ್ಣಮಾಲೆ ಬರೆದೆ. ಸ್ವರಗಳದ್ದೊಂದು ಸಾಲು, ಕ ಖ ಗ ಒಂದು ಸಾಲು, ಚ ಛ ಜ ಒಂದು ಸಾಲು, ಹೀಗೆ. ಮೊದಲು ಸಾಲಿನ ಮೇಲೆ ಬೆರಳು ಇಳಿಸುವುದು, ಅವರು ಮೇಲೆ ನೋಡಿದರೆ ಆ ಸಾಲಿನೊಳಗೆ ಒಂದೊಂದೇ ಅಕ್ಷರ. ಕೊಂಬು ತಲೆಕಟ್ಟು ಇಲ್ಲ. ಅವನ್ನು ನಾವೇ ಊಹಿಸಿಕೊಳ್ಳಬೇಕು.

ಅವರು ಕೇಳಿದ ಮೊದಲ ಮಾತು ‘ಮ ಳ’.

“ಮಳೆನಾ? ಮೂರು ದಿನದಿಂದ ನಿಂತೇ ಇಲ್ಲ ಗಿರಿಜಮ್ಮ. ಗಾಜನೂರಲ್ಲಿ ಡ್ಯಾಂ ಗೇಟ್ ತೆಗ್ದಿದ್ದಾರೆ. ಹೊಳೆ ಮಧ್ಯದ ಮಂಟಪ ಮುಳುಗಿದೆಯಂತೆ, ಜನ ನೋಡೋಕೆ ಮುಗಿಬಿದ್ದಿದ್ದಾರೆ.”

ಅವರ ಕಣ್ಣಿನಂಚಿನಲ್ಲಿ ನೀರು ಬಂತು, ಸಂಕಟದ್ದಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹೊರಗಿನ ಸುದ್ದಿಗೆ ಎಷ್ಟು ಬೆಲೆಯೆಂದು ನನಗೆ ಆಗ ತಿಳಿಯಿತು. ಅವತ್ತಿನಿಂದ ದಿನಾ ಹೋದಕೂಡಲೇ ಮಳೆಯ ವರದಿ ಒಪ್ಪಿಸುತ್ತಿದ್ದೆ. ಭದ್ರಾ ಹೊಳೆ ಸೇತುವೆಗೆ ಎಷ್ಟು ಹತ್ತಿರ ಬಂದಿದೆ, ಶಾಲೆಗೆ ರಜೆ ಕೊಟ್ಟರೋ ಇಲ್ಲವೋ, ರಜೆಯೆಂದರೆ ಅಡುಗೆಯೂ ಇಲ್ಲ. ಮನೆಯಲ್ಲಿ ಅಪ್ಪ ದಿನಾ ಕೇಳುತ್ತಿದ್ದರು, “ನಮ್ಮೂರ ಅಡುಗೆಯಮ್ಮ ಹೆಂಗಿದ್ದಾರೆ?” ಆ ದಿನಗಳಲ್ಲಿ ನನಗೆ ಕೆಲಸ ಕೆಲಸವೆನಿಸಿರಲಿಲ್ಲ. ಈಗಲೂ ಆ ಮಳೆಗಾಲವನ್ನು ನೆನೆದರೆ ಮೊದಲು ನೆನಪಾಗುವುದು ಆ ಹಾಳೆಯ ಮೇಲೆ ಬೆರಳು ಸರಿಸುತ್ತಾ ಕಳೆದ ಬೆಳಗುಗಳೇ.

ಗಿರಿಜಮ್ಮನ ಗಂಡ ಚಂದ್ರಣ್ಣ ಆಟೋ ಓಡಿಸುವವರು. ಭೇಟಿಯ ಹೊತ್ತಿಗೆ ಒಳಗೆ ಬಂದು ಹೆಂಡತಿಯ ಪಾದ ಒತ್ತುತ್ತಾ ನಿಲ್ಲುತ್ತಿದ್ದರು. ಮಾತು ಬರುತ್ತಿರಲಿಲ್ಲ. ಹೊರಗೆ ಹೋಗಿ ನನ್ನನ್ನು ಹಿಡಿಯುತ್ತಿದ್ದರು.

“ಸಿಸ್ಟರ್, ನಮ್ಮ ಕಡೆಯೋರೆಲ್ಲ ಆ ಮಷೀನಿಗೆ ಹಾಕಿದ್ಮೇಲೆ ವಾಪಸ್ ಬರಲ್ಲ ಅಂತಾರೆ. ನೀವು ನಿಜ ಹೇಳಿ. ಯಾವಾಗ ತೆಗೀತಾರೆ?”

“ಅದನ್ನ ಡಾಕ್ಟ್ರು ನೋಡಿ ಹೇಳ್ತಾರೆ ಚಂದ್ರಣ್ಣ.”

“ಅಂದಾಜಾದ್ರೂ ಹೇಳ್ರಲ್ಲ ಮಾರಾಯ್ತಿ!”

ಹನ್ನೆರಡನೆಯ ದಿನ ಗಿರಿಜಮ್ಮನ ಬೆರಳು ಆಡಿತು. ಹದಿನಾಲ್ಕನೆಯ ದಿನ, ಒಂದು ಗುರುವಾರ, ತಲೆಯನ್ನು ದಿಂಬಿನಿಂದ ಎತ್ತಿ ಐದು ಎಣಿಸುವವರೆಗೆ ಹಿಡಿದರು. ಕುತ್ತಿಗೆಗೆ ಬಲ ಬಂದರೆ ಉಸಿರಿಗೂ ಬಂದಿದೆ ಎನ್ನುವುದು ನಮ್ಮ ಒಂದು ಅಳತೆ. ಡಾಕ್ಟರು ಅರ್ಧ ಗಂಟೆಯ ಪರೀಕ್ಷೆ ಮಾಡಿಸಿದರು. ಸಂಖ್ಯೆ ಬಹಳ ಚೆನ್ನಾಗಿತ್ತು. ಕರೆಯೋಲೆಯ ಕಾಗದವೂ ತೇವವಾಯಿತು. ಅಂದು ತೆಗೆಯದಿದ್ದರೆ ಇನ್ನೊಂದು ದಾರಿ ಕಾಯುತ್ತಿತ್ತು. ಬಾಯಿಯ ಕೊಳವೆಯನ್ನು ತುಂಬ ದಿನ ಇಡುವಂತಿಲ್ಲ; ಕುತ್ತಿಗೆಯಲ್ಲಿ ರಂಧ್ರ ಮಾಡಿ ಅಲ್ಲಿಂದ ಗಾಳಿ ಕೊಡಬೇಕು. ಗಂಟಲಿನ ಸರ್ಜನ್‌ಗೆ ಆಗಲೇ ಹೇಳಿಯಾಗಿತ್ತು. ಕುತ್ತಿಗೆ ಕೊಯ್ಯುವ ಮಾತು ಕೇಳಿ ಚಂದ್ರಣ್ಣ ಎರಡು ದಿನದಿಂದ ಊಟ ಬಿಟ್ಟಿದ್ದರು.

ಎಲ್ಲರೂ ಚೀಟಿ ಕೈಗೆತ್ತಿಕೊಂಡರು. ಫಿಲೋಮಿನಾ ಸಿಸ್ಟರ್ ಕೂಡ ‘ನಿಲ್ಲುತ್ತಾರೆ’ ಎಂದೇ ಬರೆಯುವವರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊದಲು ಬರೆಯಬೇಕಾದವಳು ನಾನು. ನನ್ನ ಚೀಟಿ ಖಾಲಿಯಿತ್ತು.

“ಏನಮ್ಮ?” ಅಂದರು ಡಾಕ್ಟರು.

ತಿಮ್ಮಪ್ಪನವರ ತೆರೆದ ಬಾಯಿ ಕಣ್ಣಮುಂದೆ ಬಂದಿತ್ತು. ಈ ಸಲ ನನಗೆ ಗೊತ್ತಿದ್ದು ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ಕೈ ಓಡಲಿಲ್ಲ.

“ಸರ್, ಅವ್ರನ್ನೇ ಒಂದು ಮಾತು ಕೇಳ್ಲಾ?”

ಡ್ಯೂಟಿ ಡಾಕ್ಟರ್ ಗಡಿಯಾರ ನೋಡಿದರು. ಪಾಲಾಕ್ಷಪ್ಪನವರು “ಕೇಳು” ಅಂದರು.

ನಾನು ಬಗ್ಗಿ ಕೇಳಿದೆ, “ಗಿರಿಜಮ್ಮ, ಪೈಪ್ ತೆಗೆದ್ರೆ ನೀವೇ ಉಸಿರಾಡ್ತೀರಾ? ಧೈರ್ಯ ಇದೆಯಾ?”

ಅವರು ನನ್ನನ್ನೇ ನೋಡಿದರು. ಆಮೇಲೆ ರೆಪ್ಪೆ ಮುಚ್ಚಿದರು. ಇಲ್ಲ.

“ಹೆದರಿಕೆನಾ?”

ಮತ್ತೆ ಮುಚ್ಚಿದರು. ಹೆದರಿಕೆಯೂ ಅಲ್ಲ. ಹಾಳೆ ತಂದೆ. ಬೆರಳು ಸರಿಸಿದೆ. ಎ. ಜ. ಲ.

“ಎಜಲ? ಈಜಲು?” ಅಂದರು ಫಿಲೋಮಿನಾ ಸಿಸ್ಟರ್. “ಏನ್ ಮಾ ಗಿರಿಜಾ, ಈಜೋಕೆ ಹೋಗ್ಬೇಕಾ ಈ ಹೊಳೇಲಿ?”

ಗಿರಿಜಮ್ಮನ ಕಣ್ಣು ನಕ್ಕಿತು, ರೆಪ್ಪೆ ಮುಚ್ಚಿತು. ನಾನು ಮತ್ತೆ ಮೊದಲಿನಿಂದ ಬಂದೆ. ಎ, ಜ, ಲ. ಆಗ ಹೊಳೆಯಿತು.

“ಎಂಜಲಾ?”

ಕಣ್ಣು ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಹದಿನಾಲ್ಕು ದಿನದಿಂದ ಅವರ ಬಾಯಂಚಿನಿಂದ ಇಳಿಯುತ್ತಿದ್ದ ಜೊಲ್ಲನ್ನು ನಾನು ಒರೆಸುತ್ತಲೇ ಇದ್ದೆ. ಬಾಯಲ್ಲಿ ಕೊಳವೆ ಇದ್ದವರಿಗೆಲ್ಲ ಅದು ಇದ್ದದ್ದೇ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರಿಗೆ ಅದು ನಾಚಿಕೆಯ ವಿಷಯವಾಗಿತ್ತು. ಎಂಜಲು ಕೈ ತಾಗದಂತೆ ಸೌಟು ಹಿಡಿದು ನೂರಾರು ಮಕ್ಕಳಿಗೆ ಬಡಿಸಿದ ಹೆಂಗಸು, ಇನ್ನೊಬ್ಬರ ಮಗಳ ಕೈಗೆ ತನ್ನ ಎಂಜಲು ಮೆತ್ತುವುದನ್ನು ನೋಡುತ್ತಾ ಮಲಗಿದ್ದರು. ಹಾಗಾಗಿ ಅದರ ಮಾತೇ ಎತ್ತಿರಲಿಲ್ಲ.

“ಎಂಜಲು ನುಂಗಕ್ಕಾಗ್ತಿಲ್ವಾ?” ಎಂದು ಕೇಳಿದೆ. ಮೇಲೆ ನೋಡಿದರು.

ಡಾಕ್ಟರು ನನ್ನ ಕೈ ಹಿಡಿದು ಗಿರಿಜಮ್ಮನ ಗಂಟಲಿನ ಮೇಲೆ ಎರಡು ಬೆರಳು ಇಡಿಸಿದರು. “ನುಂಗಿ ಗಿರಿಜಮ್ಮ.” ಅವರ ಹಣೆ ಗಂಟಿಕ್ಕಿತು. ಬೆರಳಿನ ಕೆಳಗೆ ಏನೂ ಏಳಲಿಲ್ಲ. ಎದೆಗೆ ಬಲ ಬಂದಿತ್ತು, ಗಂಟಲಿಗೆ ಇನ್ನೂ ಬಂದಿರಲಿಲ್ಲ. ಕೊಳವೆ ತೆಗೆದಿದ್ದರೆ ಜೊಲ್ಲೆಲ್ಲ ನೇರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ನಮ್ಮ ಸಂಖ್ಯೆಗೆ ಗಂಟಲಿನ ಸುದ್ದಿ ಗೊತ್ತಿರಲಿಲ್ಲ.

ಡಾಕ್ಟರು ಹೊರಗೆ ಬಂದು ಚಂದ್ರಣ್ಣನಿಗೆ ವಿವರಿಸಿದರು. ಈಗ ತೆಗೆಯುವುದು ಅಪಾಯ. ಕುತ್ತಿಗೆಗೆ ರಂಧ್ರ ಮಾಡುವುದು ಒಂದು ದಾರಿ. ಇನ್ನು ಐದಾರು ದಿನ ಹೀಗೇ ಕಾದು ನೋಡುವುದು ಇನ್ನೊಂದು ದಾರಿ. ಎರಡರಲ್ಲೂ ಸ್ವಲ್ಪ ಸ್ವಲ್ಪ ಅಪಾಯವಿದೆ. ಚಂದ್ರಣ್ಣ ಗೋಡೆಗೆ ಒರಗಿದರು.

“ನನ್ನ ಯಾಕೆ ಕೇಳ್ತೀರಿ ಸಾರ್? ಅವಳ ಮೈ, ಅವಳಿಗೇ ಗೊತ್ತು. ಅವಳನ್ನೇ ಕೇಳಿ.”

ಕೇಳಿದೆವು. ಗಿರಿಜಮ್ಮ ಕಾಯುವುದನ್ನು ಆರಿಸಿಕೊಂಡರು. ಎಷ್ಟು ದಿನ ಎಂದು ನಾನು ಕೇಳಿದ್ದಕ್ಕೆ ಹಾಳೆಯಲ್ಲಿ ತೋರಿಸಿದರು: ಸ, ಮ, ವ. ಸೋಮವಾರ. ಅದು ಶ್ರಾವಣದ ಕೊನೆಯ ಸೋಮವಾರ. ಪ್ರತಿವರ್ಷ ಆ ದಿನ ಅವರು ಉಪವಾಸವಿದ್ದು ಈಶ್ವರನ ಗುಡಿಗೆ ಹೋಗುವವರು ಎಂದು ಚಂದ್ರಣ್ಣ ಹೇಳಿದರು.

ಶುಕ್ರವಾರ, ಶನಿವಾರ, ಭಾನುವಾರ. ಫಿಲೋಮಿನಾ ಸಿಸ್ಟರ್ ಹತ್ತಿಯನ್ನು ತಣ್ಣೀರಲ್ಲಿ ಅದ್ದಿ ನಾಲಿಗೆಯ ಹಿಂಬದಿಗೆ ಮುಟ್ಟಿಸುತ್ತಿದ್ದರು, ನಾನು ಗಂಟಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಭಾನುವಾರ ಒಮ್ಮೆ ಏನೋ ಕದಲಿದಂತಾಯಿತು. ಅದು ನನ್ನ ಬೆರಳಿನ ನಾಡಿಯೋ ಅವರ ಗಂಟಲೋ ಹೇಳಲಾಗಲಿಲ್ಲ.

ಸೋಮವಾರ ಚಂದ್ರಣ್ಣ ಗುಡಿಯಿಂದ ವಿಭೂತಿ ತಂದು ಹಣೆಗೆ ಹಚ್ಚಿದರು. ಡಾಕ್ಟರು ಬಂದು ಕೇಳಿದರು, “ಇವತ್ತು ತೆಗೆಯೋಣ್ವಾ ಗಿರಿಜಮ್ಮ?”

ತಾವೇ ಆರಿಸಿದ ದಿನ. ಗಂಡ ಕಾಲಬುಡದಲ್ಲಿ ಕೈಮುಗಿದು ನಿಂತಿದ್ದಾರೆ. ಒಂದು ಸಲ ಮೇಲೆ ನೋಡಿದ್ದರೆ ನಾವೆಲ್ಲ ಹಾಗೇ ನಂಬುತ್ತಿದ್ದೆವೇನೋ. ಗಿರಿಜಮ್ಮ ಬಹಳ ಹೊತ್ತು ಸೂರು ನೋಡಿದರು. ಆಮೇಲೆ ರೆಪ್ಪೆ ಮುಚ್ಚಿದರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಕಿವಿಯ ಕಡೆಗೆ ಹರಿಯಿತು. ನಾನು ಒರೆಸಲು ಕೈ ಎತ್ತಿದೆ. ಚಂದ್ರಣ್ಣ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಒರೆಸಿದರು.

“ಆಗ್ಲಿ ಬಿಡೇ. ನಾಳೆ ಇಲ್ವಾ?” ಅಂದರು. ಅಷ್ಟು ದಿನಗಳಲ್ಲಿ ಅವರು ಹೆಂಡತಿಯ ಜೊತೆ ಆಡಿದ್ದನ್ನು ನಾನು ಕೇಳಿದ ಮೊದಲ ಮಾತು ಅದು.

ಸರ್ಜನ್ ಗುರುವಾರಕ್ಕೆ ದಿನ ಗೊತ್ತುಮಾಡಿದರು. ಇನ್ನು ಮುಂದೂಡಲು ಡಾಕ್ಟರಿಗೂ ಧೈರ್ಯವಿರಲಿಲ್ಲ. ಮಂಗಳವಾರ ಹಾಗೇ ಹೋಯಿತು. ಬುಧವಾರ ನಾನು ಒದ್ದೆ ಛತ್ರಿ ಮಡಚಿ ಒಳಗೆ ಹೋಗುವಷ್ಟರಲ್ಲೇ ಗಿರಿಜಮ್ಮನ ಕಣ್ಣು ನನ್ನನ್ನು ಹುಡುಕುತ್ತಿತ್ತು. ಮಳೆಯ ವರದಿ ಕೇಳುವ ಕಣ್ಣಲ್ಲ. ಕೈ ತೊಳೆದುಕೊಂಡು ಓಡಿ ಹೋಗಿ ಗಂಟಲಿನ ಮೇಲೆ ಬೆರಳಿಟ್ಟೆ. ಬೆರಳಡಿಯಲ್ಲಿ ಗಂಟಲಿನ ಗಂಟು ಮೇಲೆದ್ದು ಇಳಿಯಿತು. ಸ್ಪಷ್ಟವಾಗಿ. ಇನ್ನೊಮ್ಮೆ. ಮತ್ತೊಮ್ಮೆ.

“ಸಿಸ್ಟರ್!” ಎಂದು ನಾನು ಕೂಗಿದ್ದು ಆರನೇ ಹಾಸಿಗೆಯವರಿಗೂ ಕೇಳಿಸಿರಬೇಕು.

ಅಂದು ಚೀಟಿ ಬರೆಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಹತ್ತೂವರೆಗೆ ಕೊಳವೆ ತೆಗೆದರು. ಗಿರಿಜಮ್ಮ ಕೆಮ್ಮಿದರು, ನುಂಗಿದರು, ಉಸಿರೆಳೆದರು. ಮುಂದಿನ ಮೂರೂವರೆ ಗಂಟೆ ನಾನು ಆ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಒಂದೂವರೆ ಬಂತು, ಎದೆ ಗೊರಗುಟ್ಟಲಿಲ್ಲ. ಎರಡು ಬಂತು. ಡ್ಯೂಟಿ ಮುಗಿದರೂ ನಾಲ್ಕರವರೆಗೆ ನಿಂತೆ. ಫಿಲೋಮಿನಾ ಸಿಸ್ಟರ್ ಕೊನೆಗೆ ನನ್ನ ಬ್ಯಾಗು ತಂದು ಕೈಗಿಟ್ಟು ಕಳಿಸಿದರು.

ಮಾರನೆಯ ದಿನ ಬೆಳಿಗ್ಗೆ ಅವರ ದನಿ ಬಂತು. ಇಪ್ಪತ್ತು ದಿನ ಕಣ್ಣಿನಲ್ಲಿ ಮಾತಾಡಿದವರಿಗೆ ನಾನು ಮನಸ್ಸಿನಲ್ಲೇ ಒಂದು ಮೆದು ದನಿ ಕೊಟ್ಟಿದ್ದೆ. ಬಂದದ್ದು ಒಡಕು, ದಪ್ಪ, ಅಂಗಳದಾಚೆಯ ಮಕ್ಕಳನ್ನು ಸಾಲಿಗೆ ನಿಲ್ಲಿಸುವಂಥ ದನಿ.

“ಆ ಎ.ಸಿ. ತಿರುಗಿಸ್ರವ್ವ ಅತ್ಲಾಗೆ. ಬಂದಾಗಿಂದ ಸೀದಾ ನನ್ನ ಮೂಗಿಗೇ ಬಡೀತೈತೆ.”

“ಅಯ್ಯೋ, ಹಾಳೇಲಿ ತೋರಿಸ್ಬಾರ್ದಿತ್ತಾ ಗಿರಿಜಮ್ಮ?”

“ತೋರ್ಸಿದ್ನಲ್ಲ! ಎ, ಸ ಅಂದೆ. ನೀವು ‘ಏಸು’ ಅಂದ್ರಿ. ಆ ದೊಡ್ಡ ಸಿಸ್ಟರು ಪಕ್ಕ ನಿಂತು ಪ್ರಾರ್ಥನೆ ಮಾಡಿ ಹೋದ್ರು.”

ಫಿಲೋಮಿನಾ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ಸ್ಟೋರ್ ರೂಮಿಗೆ ಹೋಗಿ ನಕ್ಕು ಬಂದರು. “ಪರವಾಗಿಲ್ಲ, ಅದೂ ಕೆಲಸ ಮಾಡಿದೆ,” ಅಂದರು.

ಎರಡು ದಿನ ಕಳೆದ ಮೇಲೆ ಡಾಕ್ಟರು ಪುಸ್ತಕ ತೆರೆದರು. ಸರಿ ಗುರುತು ಹಾಕುವ ಮೊದಲು ಸ್ಕೇಲ್ ತರಿಸಿ, ಮುಂದಿನ ಪುಟಗಳಿಗೆಲ್ಲ ಒಂದು ಹೊಸ ಗೆರೆ ಎಳೆದರು. ಎಲ್ಲರ ಹೆಸರಿಗಿಂತ ಮೊದಲು ಒಂದು ಖಾನೆ. ಮೇಲೆ ಬರೆದರು: ‘ರೋಗಿ ಏನಂದರು?’ ಎಚ್ಚರವಿಲ್ಲದವರ ಸಾಲಿನಲ್ಲಿ ಅಲ್ಲಿ ಒಂದು ಅಡ್ಡಗೆರೆ ಇರುತ್ತಿತ್ತು. ಎಚ್ಚರವಿದ್ದವರು ಹೇಳಿದ್ದೆಲ್ಲ ಸರಿಯಾಯಿತು ಎಂದು ನಾನು ಹೇಳುವುದಿಲ್ಲ, ತಪ್ಪಿದ್ದೂ ಇದೆ. ಕೊಳವೆಯ ಕಾಟಕ್ಕೆ ಬೇಸತ್ತು ‘ಆಗುತ್ತದೆ’ ಅಂದವರಿದ್ದರು, ಆಗಲಿಲ್ಲ. ಆದರೆ ಕೇಳದೆ ಬಿಟ್ಟದ್ದು ಒಂದೂ ಇರಲಿಲ್ಲ.

ಕಾರ್ತಿಕದಲ್ಲಿ, ಮಳೆ ಪೂರಾ ಹಿಂತೆಗೆದು ಬೆಳಗಿನ ಬಸ್ಸಿನ ಕಿಟಕಿ ತೆರೆದಿಡಬಹುದಾದ ದಿನಗಳಲ್ಲಿ, ಗಿರಿಜಮ್ಮ ತಪಾಸಣೆಗೆಂದು ಬಂದರು. ಕೈಯಲ್ಲಿ ಕೋಲು, ಪಕ್ಕದಲ್ಲಿ ಚಂದ್ರಣ್ಣ. ಹೆಜ್ಜೆ ಇನ್ನೂ ಅಳೆದಳೆದು ಇಡುತ್ತಿದ್ದರು. ತಾವು ಮಲಗಿದ್ದ ಜಾಗ ನೋಡಬೇಕೆಂದು ಹಟ ಮಾಡಿದರು. ಫಿಲೋಮಿನಾ ಸಿಸ್ಟರ್ ಗೌನು ತೊಡಿಸಿ ಒಳಗೆ ಕರೆತಂದರು.

ನಾಲ್ಕನೇ ಹಾಸಿಗೆಯಲ್ಲಿ ಅಂದು ನವುಲೆಯ ಕಡೆಯ ಮಂಜಣ್ಣ ಎನ್ನುವ ರೈತರಿದ್ದರು. ಹುಲ್ಲು ಎಳೆಯಲು ಹೋಗಿ ಹಾವು ಕಚ್ಚಿ, ವಿಷಕ್ಕೆ ಮೈಯೆಲ್ಲ ಸೋತು ಬಂದವರು. ಐದನೆಯ ದಿನ. ಎಚ್ಚರವಿತ್ತು. ಪರೀಕ್ಷೆಯ ಸಂಖ್ಯೆ ಒಳ್ಳೆಯದಿತ್ತು, ಸ್ವಲ್ಪ ಹೊತ್ತಿನಲ್ಲಿ ಕೊಳವೆ ತೆಗೆಯುವುದೆಂದು ಎಲ್ಲ ಸಿದ್ಧವಾಗಿತ್ತು. ನಾನು ಕೇಳಿದಾಗ ಅವರು ‘ಹೌದು’ ಅಂದಿದ್ದರು, ತುಸು ಬೇಗನೇ.

ಗಿರಿಜಮ್ಮ ಹಾಸಿಗೆಯ ಕಂಬಿ ಹಿಡಿದು ನಿಂತು ಅವರನ್ನು ದಿಟ್ಟಿಸಿದರು. ಆಮೇಲೆ ಬಗ್ಗಿ, ಅದೇ ದಪ್ಪ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದರು:

“ಅಣ್ಣಾ, ನಾನೂ ಇಲ್ಲೇ ಬಿದ್ಕೊಂಡಿದ್ದೆ. ಇವರನ್ನ ಖುಷಿಪಡ್ಸಕ್ಕೆ ಹೌದು ಅನ್ಬೇಡ. ಆಗ್ತೈತೆ ಅಂದ್ರೆ ಆಗ್ತೈತೆ ಅನ್ನು, ಆಗಲ್ಲ ಅಂದ್ರೆ ಆಗಲ್ಲ ಅನ್ನು. ಇವರು ಕಾಯ್ತಾರೆ.”

ಮಂಜಣ್ಣ ಗಿರಿಜಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ನಿಧಾನವಾಗಿ ಅವರ ರೆಪ್ಪೆ ಮುಚ್ಚಿತು.

ಹಿಂದೆ ತಿರುಗಿದರೆ ಪಾಲಾಕ್ಷಪ್ಪನವರು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಅವರು ನಿಂತೇ ರೋಗಿ ನೋಡುವವರು, ನಿಂತೇ ಬರೆದು ಮುಂದಿನ ಹಾಸಿಗೆಗೆ ಹೋಗುವವರು. ಅವತ್ತು ಕಾಲಿನಿಂದ ಸ್ಟೂಲ್ ಎಳೆದುಕೊಂಡು ಮಂಜಣ್ಣನ ತಲೆಯ ಹತ್ತಿರ ಕೂತರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮೊದಲ ಸಾಲಿನ ಮೇಲೆ ತಾವೇ ಬೆರಳಿಟ್ಟರು.